ನಮ್ಮ ಕಥೆಯಲ್ಲಿ ಯಾರ ಗುಟ್ಟು?

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬುದು ಹಳೆಯ ಗಾದೆ. ಕಾಯಿಲೆ ಬಂದರೆ ನಾಲ್ಕು ಜನರಿಗೆ ತಿಳಿಸು, ಯಾರಾದರೂ ಮದ್ದು ಹೇಳಿಯಾರು. ಮನೆಯೊಳಗಿನ ಮಾತು ಮಾತ್ರ ಹೊಸಿಲು ದಾಟದಿರಲಿ ಎಂದು ಇದರ ತಾತ್ಪರ್ಯ. ಆತ್ಮಕಥೆ ಬರೆಯಲು ಕುಳಿತವರಿಗೆ ಮೊದಲು ಅಡ್ಡ ಬರುವುದೇ ಈ ಗಾದೆ. ಗುಟ್ಟು ಮುಚ್ಚಿಟ್ಟರೆ ಬರೆದದ್ದು ಅರ್ಧ ಸುಳ್ಳಾಗುತ್ತದೆ. ಬಿಚ್ಚಿಟ್ಟರೆ ಮನೆಯವರ ಮಾನ ಬೀದಿಗೆ ಬರುತ್ತದೆ. ಹಾಗಾದರೆ ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ಹೇಳಿಬಿಡುವುದೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಇಲ್ಲಿ ಅನೇಕ ಮನೆಗಳು ಅಡಿಕೆ ತೋಟದ ಮಗ್ಗುಲಲ್ಲಿ, ಗುಡ್ಡದ ಬುಡದಲ್ಲಿ ಒಂದೊಂದಾಗಿ ಚದುರಿಕೊಂಡಿವೆ. ದೂರವಿದ್ದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ‘ಯಾವ ಊರು, ಯಾರ ಮನೆ?’ ಎಂಬ ಎರಡು ಪ್ರಶ್ನೆಗಳಲ್ಲಿ ಮನುಷ್ಯನ ಪೂರ್ವಾಪರವೆಲ್ಲ ಹೊರಬೀಳುತ್ತದೆ. ಬರಹದಲ್ಲಿ ಹೆಸರು ಬದಲಿಸಿದರೂ ತೋಟ, ಹಳ್ಳ, ಸಂಕ ಇಂಥದ್ದೆಂದು ಸೂಚಿಸಿದರೆ ಸಾಕು, ಊರಿನವರಿಗೆ ಮನೆ ಯಾವುದೆಂದು ಗೊತ್ತಾಗುತ್ತದೆ.

ಕುವೆಂಪು ಎಂಬ ಕಾವ್ಯನಾಮವನ್ನೇ ನೋಡಿ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಎಂಬುದಷ್ಟೇ ಅವರ ಸ್ವಂತ ಹೆಸರು. ಮೂರಕ್ಷರದಲ್ಲಿ ಎರಡು ಬೇರೆಯವರದು! 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಮನೆಯಲ್ಲಿ. ಬೆಳೆದದ್ದು ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಪ್ರಕಟವಾದದ್ದು 1980ರಲ್ಲಿ, ಅವರಿಗೆ 75 ದಾಟಿದ ಮೇಲೆ. ಆದರೆ ಮಲೆನಾಡಿನ ಮನೆಗಳ ಪಾಲು-ಪಂಚಾಯಿತಿ, ಕುಡಿತ, ಮೂಢನಂಬಿಕೆ, ಹೆಂಗಸರ ಸಂಕಟಗಳನ್ನು ಅವರು 1936ರ ‘ಕಾನೂರು ಹೆಗ್ಗಡಿತಿ’ಯಲ್ಲೇ ಹೇಳಿದ್ದರು. ಕಾದಂಬರಿಗೆ ಒಂದು ಅನುಕೂಲವಿದೆ. ಯಾರ ಮನೆಯನ್ನೂ ತೋರಿಸದೆ ಎಲ್ಲರ ಮನೆಯ ಸತ್ಯವನ್ನು ಅದು ಹೇಳಬಲ್ಲದು. ಆತ್ಮಕಥೆಗೆ ಆ ಮರೆ ಇಲ್ಲ.

ತನ್ನ ತಪ್ಪನ್ನು ತಾನೇ ಎತ್ತಿ ಆಡುವುದು ಕನ್ನಡಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು, ಭಕ್ತಿಯ ಕೊರತೆಯನ್ನು ವಚನಗಳಲ್ಲಿ ನೇರವಾಗಿ ಹೇಳಿಕೊಂಡರು. ಅಲ್ಲಿ ದೂರು ಹೇಳುವವರೂ ಅವರೇ, ದೂರಿಗೆ ಒಳಗಾದವರೂ ಅವರೇ. ಮೂರನೆಯವರಿಗೆ ಅದರಿಂದ ನೋವಿಲ್ಲ.

ಗಾಂಧೀಜಿಯವರ ವಿಷಯ ಇಷ್ಟು ಸರಳವಲ್ಲ. ಅವರ ಆತ್ಮಕಥೆ 1925ರಿಂದ 1929ರವರೆಗೆ ‘ನವಜೀವನ’ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಕದ್ದುಮುಚ್ಚಿ ಮಾಂಸ ತಿಂದದ್ದು, ಅಣ್ಣನ ತೋಳಿನ ಚಿನ್ನ ಕದ್ದದ್ದು, ಅದನ್ನು ಚೀಟಿಯಲ್ಲಿ ಬರೆದು ತಂದೆಗೆ ಒಪ್ಪಿಸಿದ್ದು, ಆ ತಂದೆ ಪ್ರಾಣ ಬಿಟ್ಟಾಗ ತಾವು ಹೆಂಡತಿಯ ಬಳಿ ಇದ್ದದ್ದು ಎಲ್ಲವನ್ನೂ ಬರೆದರು. ತಾನು ಅನುಮಾನದ ಗಂಡನಾಗಿದ್ದೆ ಎಂದೂ ಒಪ್ಪಿಕೊಂಡರು. ತಪ್ಪನ್ನೆಲ್ಲ ತಮ್ಮ ಮೇಲೇ ಹಾಕಿಕೊಂಡರು, ನಿಜ. ಆದರೆ ಕಸ್ತೂರಬಾ ಆಗ ಬದುಕಿದ್ದರು. ಅವರ ದಾಂಪತ್ಯವೂ ವಾರವಾರ ಓದುಗರ ಕೈಸೇರುತ್ತಿತ್ತು. ಅದೇ ಕಥೆಯನ್ನು ಕಸ್ತೂರಬಾ ತಾವೇ ಬರೆದಿದ್ದರೆ ಹೇಗಿರುತ್ತಿತ್ತೋ!

ಹಾಗೆಂದು ಮನೆಯ ಗುಟ್ಟು ಎಂದೂ ಹೊರಬರಬಾರದು ಎನ್ನುವುದು ಸರಿಯೇ? ಇಲ್ಲಿ ಗಾದೆಯ ಇನ್ನೊಂದು ಮುಖ ನೋಡಬೇಕು. ಗುಟ್ಟು ಕಾಯುವ ಹೊರೆ ಹೆಚ್ಚಾಗಿ ಬೀಳುವುದು ಪೆಟ್ಟು ತಿಂದವರ ಮೇಲೆ. ಅದರ ಲಾಭ ಪೆಟ್ಟು ಕೊಟ್ಟವರಿಗೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಜಾತಿಯ ಅವಮಾನಗಳನ್ನು ಬಿಚ್ಚಿಟ್ಟಾಗ ಅದು ತಪ್ಪೊಪ್ಪಿಗೆಯಾಗಿರಲಿಲ್ಲ, ಸಾಕ್ಷ್ಯವಾಗಿತ್ತು. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ವಿಜಯಾ ಅವರ ‘ಕುದಿ ಎಸರು’ ದಾಂಪತ್ಯದಲ್ಲಿ ಉಂಡ ಹಿಂಸೆಯನ್ನು ಹೇಳುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಎಸರು ಉಕ್ಕದೆ ಇರುವುದಿಲ್ಲ. ಇಂಥವರಿಗೆ ‘ಮನೆ ಮಾನ ತೆಗೆದಿರಿ’ ಎನ್ನುವುದು ನ್ಯಾಯವಲ್ಲ.

ತಂದೆತಾಯಿಯರ ಗುಟ್ಟನ್ನು ಮಕ್ಕಳು ಬರೆಯುವುದು ಮತ್ತೊಂದು ಬಗೆ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ನೆನಪಿಗೆ ಬರುತ್ತದೆ. ತಾವು ಹುಟ್ಟುವುದೇ ಬೇಡವೆಂದು ತಾಯಿ ಪುಣೆಯ ವೈದ್ಯೆಯೊಬ್ಬರಲ್ಲಿಗೆ ಹೋಗಿದ್ದರು, ವೈದ್ಯೆ ಬಾರದ್ದರಿಂದ ಕಾದು ಹಿಂದಿರುಗಿದರು ಎಂಬುದನ್ನು ಬರೆದು, ಪುಸ್ತಕವನ್ನು ಆ ವೈದ್ಯೆಗೇ ಅರ್ಪಿಸಿದ್ದಾರೆ! ಮಗನಿದ್ದ ವಿಧವೆಯಾಗಿದ್ದ ತಾಯಿ, ಮದುವೆಗೆ ಮೊದಲೇ ತಂದೆಯ ಜೊತೆ ಬಾಳಿದ ವರ್ಷಗಳನ್ನೂ ಅವರು ಮರೆಮಾಚಿಲ್ಲ. ಆದರೆ ಒಂದನ್ನು ಗಮನಿಸಬೇಕು. ಆ ತಾಯಿ ಮುಪ್ಪಿನಲ್ಲಿ ತಮ್ಮ ಬದುಕನ್ನು ತಾವೇ ಬರೆದಿಟ್ಟಿದ್ದರು. ಮಗನಿಗಿಂತ ಮೊದಲು ಬಾಯಿ ಬಿಟ್ಟವರು ಅವರೇ.

ಹೀಗಾಗಿ ಆತ್ಮಕಥೆಯ ಪ್ರಾಮಾಣಿಕತೆಯನ್ನು ಬಯಲಾದ ಗುಟ್ಟುಗಳ ಲೆಕ್ಕದಿಂದ ಅಳೆಯಲಾಗದು. ಬರೆದದ್ದಕ್ಕೆ ಬೆಲೆ ತೆರುವವರು ಯಾರು ಎಂದು ಕೇಳಬೇಕು. ಬರೆದವರೇ ತೆತ್ತರೆ ಅದು ಧೈರ್ಯ. ಹಿಂಸೆ ಮಾಡಿದವರು ತೆತ್ತರೆ ಅದು ನ್ಯಾಯ. ಏನೂ ಮಾಡದ, ಉತ್ತರ ಕೊಡಲೂ ಬಾರದ ಅಜ್ಜಿಯೋ ತಂಗಿಯೋ ತೆರಬೇಕಾಗಿ ಬಂದರೆ, ಬರೆದದ್ದೆಲ್ಲ ನಿಜವೇ ಆಗಿದ್ದರೂ ಆ ಪುಟವನ್ನು ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು. ಪುಸ್ತಕ ಹೊರಬಂದ ಮೇಲೂ ಅವರು ಅದೇ ಊರಿನ ಸಂತೆಗೆ, ಮದುವೆಮನೆಗೆ ಹೋಗಬೇಕಲ್ಲ.