ಪಡಸಾಲೆಯ ಎರಡು ಪೆಟ್ಟಿಗೆಗಳು

ಮೇಡ್ಲೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸೊಂಟದೆತ್ತರದ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳು ನೆಲದ ಮೇಲೆ ನಿಂತಿವೆ. ಪೂಜ್ಯ ತಂದೆಯವರು ಇವನ್ನು ಕೊಂಡು ತಂದದ್ದು ಮಲ್ಲಿಕಾರ್ಜುನ ಮನ್ಸೂರರ (1910–1992) ವಚನ ಗಾಯನವನ್ನು ಕೇಳಲೆಂದೇ. ತಂದೆಯವರು ಲಿಂಗೈಕ್ಯರಾದ ಮೇಲೆ ಪೆಟ್ಟಿಗೆಗಳೂ ಮೌನವಾದವು. ಅವುಗಳ ಮೇಲೆ ಕಾಳಿನ ಡಬ್ಬಿಗಳು ಕುಳಿತವು. ಕಳೆದ ವರ್ಷ ಮನೆಗೆ ಸುಣ್ಣ ಬಳಿಯುವಾಗ ಗುಜರಿಗೆ ಹಾಕುವ ಮಾತೂ ನಡೆಯಿತು. ತಾಯಿಯವರು ಮಾತ್ರ ಒಮ್ಮೆ ಹಚ್ಚಿ ನೋಡಿರೆಂದರು.

ಧ್ವನಿ ಬಂದಿತು, ಆದರೆ ಒಡಕು. ಮುಂದಿನ ಬಟ್ಟೆ ತೆಗೆದು ನೋಡಿದರೆ ದೊಡ್ಡ ಕಾಗದದ ಕೋನು ಗಟ್ಟಿಯಾಗಿಯೇ ಇತ್ತು. ಅದನ್ನು ಚೌಕಟ್ಟಿಗೆ ಹಿಡಿದಿದ್ದ ಫೋಮಿನ ಅಂಚು ಪುಡಿಪುಡಿಯಾಗಿತ್ತು. ಬಳಸಿದರೂ ಬಿಟ್ಟರೂ ಇಂಥ ಫೋಮು 15–20 ವರ್ಷಗಳಲ್ಲಿ ಶಿಥಿಲವಾಗುತ್ತದೆ. ಇಷ್ಟಕ್ಕೇ ಪೆಟ್ಟಿಗೆಗಳನ್ನು ಎಸೆದವರೆಷ್ಟು ಮಂದಿಯೋ! ರಾಣೆಬೆನ್ನೂರಿನ ರಿಪೇರಿಯವರು ಅಂಚನ್ನಷ್ಟೇ ಬದಲಿಸಿ, ಕೋನನ್ನು ನಟ್ಟನಡುವೆ ಕೂರಿಸಿಕೊಟ್ಟರು.

ಆ ಸಂಜೆ ಮನ್ಸೂರರ ಕಂಠಕ್ಕಿಂತ ಮೊದಲು ನಮಗೆ ಕೇಳಿಸಿದ್ದು ತಂಬೂರಿಯ ಖರಜ. ಆ ಮಂದ್ರನಾದ ಸಣ್ಣ ರೇಡಿಯೋದಲ್ಲಾಗಲಿ ಮೊಬೈಲಿನಲ್ಲಾಗಲಿ ಪೂರ್ಣವಾಗಿ ಮೂಡದು; ಅಷ್ಟು ಗಾಳಿಯನ್ನು ಅಲುಗಿಸಲು ಅಗಲವಾದ ಕೋನು, ಅದರ ಹಿಂದೆ ದೊಡ್ಡ ಪೆಟ್ಟಿಗೆ ಬೇಕು. ತಾಯಿಯವರು ಕಣ್ಣು ಮುಚ್ಚಿಕೊಂಡೇ, "ನಿಮ್ಮಪ್ಪ ಕೇಳತಿದ್ದದ್ದು ಇದನ್ನs" ಎಂದರು.

ಕಾಳಿನ ಡಬ್ಬಿಗಳು ಈಗ ಅಡುಗೆಮನೆ ಸೇರಿವೆ.