ಕಾಲುದಾರಿ ಬಿಟ್ಟು ಏಕೆ ನಡೆಯಬಾರದು?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮೇಲುಕೋಟೆ ಸಮೀಪದ ಒಂದು ಪ್ರೌಢಶಾಲೆ. ಎಂಟನೇ ತರಗತಿಗೆ ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ ಮಾಡಬೇಕಿತ್ತು. ಪಕ್ಕದಲ್ಲೇ ವನ್ಯಜೀವಿ ಧಾಮವಿರುವಾಗ ಚಾರ್ಟ್ ಒಂದೇ ಸಾಲದು ಎನಿಸಿತು. ಮುಖ್ಯ ಶಿಕ್ಷಕರ ಮೂಲಕ ಅರಣ್ಯ ಇಲಾಖೆಯ ಅನುಮತಿ ಪಡೆದು ಮಕ್ಕಳನ್ನು ಅಲ್ಲಿನ ಕಾಲುದಾರಿಯಲ್ಲಿ ನಡೆಸಿಕೊಂಡು ಹೋದೆ. ಆ ದಿನ ನಾನು ಮಾಡಿದ ಒಂದು ತಪ್ಪಿನಿಂದಲೇ ಮುಂದಿನ ಪಾಠ ಹುಟ್ಟಿತು.

ಮಂಡ್ಯ ಜಿಲ್ಲೆಯ ಈ ಧಾಮವನ್ನು 1974ರಲ್ಲಿ ಮುಖ್ಯವಾಗಿ ತೋಳಗಳ ರಕ್ಷಣೆಗೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ಕಲ್ಲುಗುಡ್ಡ, ಕುರುಚಲು ಗಿಡ, ಎಲೆ ಉದುರಿಸುವ ಮರಗಳ ಒಣ ಕಾಡು ಇದು. ಸೈಕಸ್ ಎಂಬ ಅಪರೂಪದ ಸಸ್ಯ ಇಲ್ಲಿದೆ. ನೋಡಲು ಈಚಲು ಮರದಂತಿದ್ದರೂ ಇದು ಹೂ ಬಿಡುವುದಿಲ್ಲ, ಅನಾವೃತಬೀಜ ಸಸ್ಯ. ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಬೆಳವಣಿಗೆ ತುಂಬಾ ನಿಧಾನ.

ನನ್ನ ತಪ್ಪು

ದಾರಿಯಿಂದ ಸ್ವಲ್ಪ ಒಳಗೆ ಸೈಕಸ್ ಗಿಡವೊಂದು ಕಂಡಿತು. ಹತ್ತಿರದಿಂದ ತೋರಿಸುವ ಉತ್ಸಾಹದಲ್ಲಿ ಇಡೀ ತರಗತಿಯನ್ನು ಹುಲ್ಲಿನ ಮೇಲೆ ಸಾಲಾಗಿ ಕರೆದೊಯ್ದೆ. ಹಿಂತಿರುಗುವಾಗ ನೋಡಿದರೆ ಹುಲ್ಲು ನೆಲಕಚ್ಚಿ ಒಂದು ಗೆರೆ ಮೂಡಿತ್ತು. ಜೊತೆಗಿದ್ದ ಅರಣ್ಯ ರಕ್ಷಕರು ಬೈಯಲಿಲ್ಲ. "ಮೇಡಂ, ನಾಳೆ ಬರೋರು ಇದನ್ನೂ ದಾರಿ ಅಂದ್ಕೊಳ್ತಾರೆ" ಎಂದಷ್ಟೇ ಹೇಳಿದರು. ಸಂರಕ್ಷಣೆಯ ಪಾಠ ಮಾಡಲು ಹೋಗಿ ಅದಕ್ಕೆ ವಿರುದ್ಧವಾದದ್ದನ್ನೇ ಮಾಡಿ ತೋರಿಸಿದ್ದೆ.

ಕಾಲಡಿಯಲ್ಲಿ ಏನಾಗುತ್ತದೆ?

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಖಾಲಿ ಜಾಗ. ಆ ರಂಧ್ರಗಳಲ್ಲೇ ಗಾಳಿ, ನೀರು ಇರುತ್ತವೆ. ಬೇರು ಇಳಿಯುವುದೂ ಅಲ್ಲೇ. ತುಳಿದಾಗ ಮೊದಲು ಕುಸಿಯುವುದು ದೊಡ್ಡ ರಂಧ್ರಗಳು. ಆಗ ಮಳೆನೀರು ಇಂಗದೆ ಮೇಲೆಯೇ ಹರಿಯುತ್ತದೆ, ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ದಾರಿ ಕೊರಕಲಾಗುತ್ತದೆ. ಕೊರಕಲು ತಪ್ಪಿಸಲು ಜನ ಪಕ್ಕದಲ್ಲಿ ನಡೆಯುತ್ತಾರೆ. ಹೀಗೆ ಒಂದು ಅಡಿಯ ದಾರಿ ಅಗಲವಾಗುತ್ತಾ ಹೋಗುತ್ತದೆ.

ಇನ್ನೊಂದು ಅಂಶ ಮುಖ್ಯ. ಹಾನಿಯ ಬಹುಪಾಲು ಮೊದಲ ಕೆಲವು ತುಳಿತಗಳಲ್ಲೇ ಆಗಿಬಿಡುತ್ತದೆ. ಈಗಾಗಲೇ ಗಟ್ಟಿಯಾದ ದಾರಿಯಲ್ಲಿ ಇನ್ನೂ ನೂರು ಜನ ನಡೆದರೆ ಆಗುವ ನಷ್ಟ ಸ್ವಲ್ಪ. ಹೊಸ ಹುಲ್ಲಿನ ಮೇಲೆ ಕೆಲವೇ ಜನ ನಡೆದರೂ ನಷ್ಟ ಹೆಚ್ಚು. ಆದ್ದರಿಂದ ಎಲ್ಲರೂ ಒಂದೇ ದಾರಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ದಾರಿಯಲ್ಲಿ ನೀರು ನಿಂತಿದ್ದರೆ ಬಳಸಿ ಹೋಗದೆ ಅದರಲ್ಲೇ ಕಾಲಿಡಬೇಕು.

ಶಾಲೆಯ ಅಂಗಳದಲ್ಲಿ ಪ್ರಯೋಗ

ಇದನ್ನು ಕಾಡಿನಲ್ಲಿ ಮಾಡಬೇಕಿಲ್ಲ. ಪ್ರತಿ ಶಾಲೆಯಲ್ಲೂ ಗೇಟಿನಿಂದ ನಲ್ಲಿಗೆ ಮಕ್ಕಳೇ ಮಾಡಿಕೊಂಡ ಅಡ್ಡದಾರಿ ಇರುತ್ತದೆ. ಎರಡೂ ಕಡೆ ತೆರೆದ ಒಂದೇ ಅಳತೆಯ ಮೂರು ಡಬ್ಬಿ, 200 ಮಿಲಿಲೀಟರ್ ಹಿಡಿಯುವ ಲೋಟ, ಒಂದು ಗಡಿಯಾರ ಸಾಕು. ದಾರಿಯ ನಡುವೆ, ಅಂಚಿನಲ್ಲಿ, ಯಾರೂ ತುಳಿಯದ ಗಿಡಗಳ ಬುಡದಲ್ಲಿ ಒಂದೊಂದು ಡಬ್ಬಿಯನ್ನು ಎರಡು ಸೆಂಟಿಮೀಟರ್ ಆಳಕ್ಕೆ ಒತ್ತಿ, ತಲಾ ಒಂದು ಲೋಟ ನೀರು ಸುರಿದು, ಇಂಗಲು ಹಿಡಿಯುವ ಸಮಯ ಬರೆಯಿಸಿ.

ನಮ್ಮಲ್ಲಿ ಗಿಡದ ಬುಡದ ನೀರು ನೋಡನೋಡುತ್ತಲೇ ಇಳಿಯಿತು. ದಾರಿಯ ಮೇಲಿನ ಡಬ್ಬಿಯಲ್ಲಿ ಗಂಟೆ ಬಾರಿಸಿದರೂ ನೀರು ನಿಂತೇ ಇತ್ತು. ಮಕ್ಕಳ ಊಹೆ ತಲೆಕೆಳಗಾಗಿತ್ತು; "ದಾರೀಲಿ ಹುಲ್ಲಿಲ್ಲ, ಬೇಗ ಕುಡಿಯುತ್ತೆ" ಎಂದು ಹಲವರು ಬರೆದಿದ್ದರು. ಊಹೆಯನ್ನು ಮೊದಲೇ ಬರೆಯಿಸಿದ್ದು ಒಳ್ಳೆಯದಾಯಿತು. ಕಲ್ಯಾಣಿ, ಕೊಳಗಳ ಊರಿನ ಮಕ್ಕಳಿಗೆ ಇಂಗುವ ನೀರಿನ ಬೆಲೆ ಬೇರೆ ವಿವರಿಸಬೇಕಾಗಲಿಲ್ಲ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಧಾಮದೊಳಗೆ ಹೋಗಲು ಅನುಮತಿ ಬೇಕು. ಮಾದರಿ ಸಂಗ್ರಹವೆಂದು ಎಲೆ, ಬೀಜ ಕೀಳಿಸಬೇಡಿ, ಚಿತ್ರ ಬರೆಯಿಸಿ. ಎಲ್ಲಿ ನಿಂತು ಏನು ತೋರಿಸಬೇಕೆಂದು ಹಿಂದಿನ ದಿನವೇ ಗುರುತಿಸಿಕೊಳ್ಳಿ. ನಾನು ಹಾಗೆ ಮಾಡಿದ್ದರೆ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ.

ಪಾಠದ ಕೊನೆಯಲ್ಲಿ ಮೇಕೆ ಸಾಕುವ ಮನೆಯ ಹುಡುಗಿ ಕೇಳಿದಳು: "ಮಿಸ್, ನಾವು ದಾರಿ ಬಿಟ್ಟು ಹೋಗಲ್ಲ. ಮೇಕೆಗೆ ಮೇವು ದಾರೀಲಿ ಇರಲ್ವಲ್ಲ?" ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನದ ಅವಧಿಯನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆ. ಊರಿನ ಮೇಕೆಗಳು ಎಲ್ಲೆಲ್ಲಿ ಮೇಯುತ್ತವೆ ಎಂಬ ನಕ್ಷೆಯನ್ನು ಅವಳೇ ಕಪ್ಪುಹಲಗೆಯ ಮೇಲೆ ಬಿಡಿಸಿದಳು.