ಎರಡು ವಿಮಾನಗಳ ನಡುವಿನ ಒಂದು ರಾತ್ರಿ

ಬೇಸಿಗೆ ಸಮೀಪಿಸಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದ ಹಿರಿಯರು ಬರತೊಡಗುತ್ತಾರೆ. ಅಮೇರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೊರಟು ನಿಂತವರು ಅವರು. ಆರು ತಿಂಗಳಿಗೆ ಬೇಕಾಗುವ ಗುಳಿಗೆಗಳ ಪಟ್ಟಿ ಬರೆಸಿಕೊಂಡು ಏಳುವಾಗ ನಾವು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇವೆ: "ನಡುವೆ ವಿಮಾನ ಬದಲಿಸುವ ಊರಿನಲ್ಲಿ ರಾತ್ರಿ ಎಲ್ಲಿ ಕಳೆಯುತ್ತೀರಿ?" ಬಹುತೇಕರು ಅದನ್ನು ಯೋಚಿಸಿಯೇ ಇರುವುದಿಲ್ಲ. ಟಿಕೆಟ್ ತೆಗೆದ ಮಕ್ಕಳೂ ಯೋಚಿಸಿರುವುದಿಲ್ಲ.

ಈ ಪ್ರಶ್ನೆಯನ್ನು ನಾವು ಕಲಿತದ್ದು ನಮ್ಮದೇ ತಪ್ಪಿನಿಂದ. ಅನೇಕ ವರ್ಷಗಳ ಹಿಂದೆ ಮಗಳ ಹೆರಿಗೆಗೆಂದು ನಾವೂ ನಮ್ಮ ಮನೆಯವರೂ ಮೊದಲ ಬಾರಿಗೆ ಡಲ್ಲಾಸಿಗೆ ಹೊರಟಿದ್ದೆವು. ನಡುವಿನ ನಿಲ್ದಾಣವೊಂದರಲ್ಲಿ 10 ಗಂಟೆಗಳ ರಾತ್ರಿ ಕಳೆಯಬೇಕಿತ್ತು. ಕೋಣೆ ಹಿಡಿಯೋಣವೆಂದರೆ ಮನೆಯವರು, "ಒಂದು ರಾತ್ರಿಗೆ ಅಷ್ಟು ರೊಕ್ಕ ಯಾಕ್ರೀ? ಕುರ್ಚಿ ಮ್ಯಾಲೆ ಕುಂತ್ರ ಬೆಳಗಾಕ್ಕೈತಿ" ಎಂದರು. ನಮಗೂ ಅದು ಸರಿಯೆನಿಸಿತು. ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡಿದೆವು. ಶೌಚಾಲಯ ದೂರವೆಂದು ಅವರು ನೀರನ್ನೂ ಸರಿಯಾಗಿ ಕುಡಿಯಲಿಲ್ಲ. ಬೆಳಿಗ್ಗೆ ಮತ್ತೊಂದು ದೀರ್ಘ ಪ್ರಯಾಣ ಕಾದಿತ್ತು.

ಡಲ್ಲಾಸ್ ಮುಟ್ಟಿದ ಮರುದಿನ ಅವರ ಎಡಗಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿತ್ತು. ಪ್ರಯಾಣದಿಂದ ವಾತ ಕೆರಳಿದೆಯೆಂದು ಬಗೆದು ನಾವು ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಲು ಕುಳಿತೆವು. ಆಗ ಮಗಳು, "ಅಪ್ಪಾ, ಒಂದೇ ಕಾಲು ಯಾಕ ಬಾತೈತಿ?" ಎಂದಳು. ದಶಕಗಳ ಕಾಲ ವೈದ್ಯವೃತ್ತಿ ಮಾಡಿದ ನಾವೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಆಸ್ಪತ್ರೆಯ ಸ್ಕ್ಯಾನಿಂಗಿನಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಅಂತಹ ಕಾಲನ್ನು ಬಲವಾಗಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಎರವಾಗಬಹುದು. ಸಕಾಲದ ಔಷಧದಿಂದ ಅವರು ಗುಣಹೊಂದಿದರು. ಎಣ್ಣೆಯ ಬಟ್ಟಲು ಹಿಡಿದ ನಮ್ಮ ಕೈ ಮಾತ್ರ ಇಂದಿಗೂ ನೆನಪಾಗುತ್ತದೆ.

ಈ ತೊಂದರೆ ಏಕಾಗುತ್ತದೆ? ಬಹುಹೊತ್ತು ಅಲುಗಾಡದೆ ಕುಳಿತಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ದೂಡುವ ಕೆಲಸ ನಿಲ್ಲುತ್ತದೆ. ರಕ್ತ ಕಾಲಿನಲ್ಲಿ ಮಡುಗಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 4 ಗಂಟೆಗಳಿಗೂ ಮೀರಿದ ಪ್ರಯಾಣದಿಂದ ಹೀಗೆ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಇದು ಅಪರೂಪವೇ. ಆದರೆ ವಿಮಾನದಿಂದ ಇಳಿದೊಡನೆ ಅಪಾಯ ಇಳಿಯುವುದಿಲ್ಲ, ಕೆಲವು ವಾರಗಳವರೆಗೆ ಉಳಿದಿರುತ್ತದೆ. ಒಂದರ ಹಿಂದೊಂದು ವಿಮಾನ ಏರಿದರೆ ಹೆಚ್ಚುತ್ತದೆ. ಎರಡು ವಿಮಾನಗಳ ನಡುವೆ ರಾತ್ರಿಯಿಡೀ ಕುರ್ಚಿಯಲ್ಲಿ ಕುಳಿತವರು ಮೂರು ಪ್ರಯಾಣಗಳನ್ನು ಒಟ್ಟಿಗೆ ಮಾಡಿದಂತಾಯಿತು.

ಕಳೆದ ವರ್ಷ ಮತ್ತೆ ಹೊರಡುವ ಪ್ರಸಂಗ ಬಂದಿತು. ಈ ಸಲ ಕತಾರ್ ದೇಶದ ದೋಹಾ ಮಾರ್ಗ. ರಾತ್ರಿ 9 ಗಂಟೆಗೆ ಅಲ್ಲಿ ಇಳಿದು ಬೆಳಿಗ್ಗೆ 8ಕ್ಕೆ ಡಲ್ಲಾಸಿನ ವಿಮಾನ ಏರಬೇಕು. ನಡುವೆ 11 ಗಂಟೆ. ಅಳಿಯಂದಿರು ಉತ್ಸಾಹದಿಂದ ದೋಹಾ ನಗರ ನೋಡಿಬರಲು ಹೇಳಿದರು. ಮನೆಯವರು ಈ ಸಲವೂ ಕುರ್ಚಿಯ ಪಕ್ಷವೇ. ನಾವು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು.

ಮೊದಲ ಲೆಕ್ಕ ಗಡಿಯಾರದ್ದು. ದೋಹಾದ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 9 ಆದಾಗ ನಮ್ಮ ದೇಹಕ್ಕೆ 11:30. ಊರು ಸುತ್ತಿ ಅಲ್ಲಿಯ ನಡುರಾತ್ರಿಗೆ ಮರಳಿದರೆ ದೇಹಕ್ಕೆ ಬೆಳಗಿನ ಜಾವ 2:30. ಗೋಡೆಯ ಗಡಿಯಾರ ನೋಡಿ "ಇನ್ನೂ ಹೊತ್ತಿದೆ" ಎನ್ನುವ ಹಿರಿಯರು ಇಲ್ಲಿಯೇ ಮೋಸಹೋಗುತ್ತಾರೆ.

ಎರಡನೆಯದು ಉಳಿಯುವ ಹೊತ್ತಿನ ಲೆಕ್ಕ. ಹೊರಗೆ ಹೋಗಲು ವಲಸೆ ತಪಾಸಣೆ ದಾಟಬೇಕು. ಮರಳುವಾಗ ಭದ್ರತಾ ತಪಾಸಣೆಗೆ ಮತ್ತೆ ನಿಲ್ಲಬೇಕು. ದಾರಿಯ ಹೊತ್ತನ್ನೂ ಕಳೆದರೆ ಉಳಿಯುವುದು ನಾಲ್ಕೈದು ಗಂಟೆ, ಅದೂ ನಿದ್ರೆಯ ವೇಳೆ. 2019ರಲ್ಲಿ ತೆರೆದ, ಮರುಭೂಮಿಯ ಹರಳುಹೂವಿನ ಆಕಾರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಆ ಹೊತ್ತಿಗೆ ಮುಚ್ಚಿರುತ್ತದೆ. ಸೂಕ್ ವಾಕಿಫ್ ಎಂಬ ಹಳೆಯ ಶೈಲಿಯ ಪೇಟೆಯೂ ಸಮುದ್ರತೀರದ ರಸ್ತೆಯೂ ಸುಂದರವೇ. ಹಗಲಿನ ನಿಲುಗಡೆಯಾಗಿದ್ದರೆ ನಾವೇ ಹೋಗಿಬನ್ನಿ ಎನ್ನುತ್ತಿದ್ದೆವು, ನಡಿಗೆಯಿಂದ ಕಾಲಿಗೂ ಒಳಿತು. ಹೊರಹೋಗುವವರು ಪ್ರವೇಶದ ನಿಯಮಗಳನ್ನು ಹೊರಡುವ ವಾರದಲ್ಲಿಯೇ ವಿಚಾರಿಸಿಕೊಳ್ಳಬೇಕು, ಅವು ಬದಲಾಗುತ್ತಿರುತ್ತವೆ. ಟ್ರಮಡಾಲ್, ಕೊಡೀನ್‌ನಂತಹ ನೋವಿನ ಮಾತ್ರೆಗಳಿಗೆ ಅಲ್ಲಿ ಬಿಗಿಯಾದ ಕಾನೂನಿದೆ. ಕೊಲ್ಲಿಯ ಕೆಲವು ದೇಶಗಳಲ್ಲಿ ನಮ್ಮ ಅಡುಗೆಮನೆಯ ಗಸಗಸೆಯೂ ನಿಷಿದ್ಧ. ಚೀಲ ಕಟ್ಟುವಾಗ ಇದು ನೆನಪಿರಲಿ.

ಮೂರನೆಯ ಲೆಕ್ಕ ಮುಂದಿನ ವಿಮಾನದ್ದು, ನಮ್ಮ ಮಟ್ಟಿಗೆ ಅದೇ ಮುಖ್ಯ. ದೋಹಾದಿಂದ ಡಲ್ಲಾಸಿಗೆ ಸುಮಾರು 16 ಗಂಟೆ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಶೇಕಡಾ 20ಕ್ಕಿಂತಲೂ ಕಡಿಮೆ. ಒತ್ತಡ 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ನಿದ್ರೆಗೆಟ್ಟು, ಬಾಯಾರಿ, ಕಾಲು ಬಾತು ಅದನ್ನು ಏರುವುದೋ, ಮಲಗೆದ್ದು ಏರುವುದೋ? ಚರಕಾಚಾರ್ಯರು ದೇಹದ ಮೂರು ಆಧಾರಗಳಲ್ಲಿ ನಿದ್ರೆಯನ್ನು ಎಣಿಸಿದ್ದಾರೆ. ರಾತ್ರಿ ಜಾಗರಣೆಯಿಂದ ದೇಹ ಒಣಗುತ್ತದೆಂದೂ ಹೇಳಿದ್ದಾರೆ. ತಡೆಯಬಾರದ 13 ವೇಗಗಳ ಅವರ ಪಟ್ಟಿಯಲ್ಲಿ ಮೂತ್ರ, ಬಾಯಾರಿಕೆ, ನಿದ್ರೆ ಮೂರೂ ಇವೆ. ವಿಮಾನಯಾನದಲ್ಲಿ ನಮ್ಮ ತಾಯಂದಿರು ತಡೆಯುವುದು ಈ ಮೂರನ್ನೇ.

ಹೀಗಾಗಿ ನಿಲ್ದಾಣದ ಒಳಗೇ, ವಲಸೆ ದಾಟದೆ ತಲುಪಬಹುದಾದ ವಸತಿಗೃಹದಲ್ಲಿ ಮೊದಲೇ ಕೋಣೆ ಕಾಯ್ದಿರಿಸಿದೆವು. ದೋಹಾದ ನಿಲ್ದಾಣದಲ್ಲಿ ಒರಗಿ ಮಲಗಲು ಗಂಡಸರಿಗೆ, ಹೆಂಗಸರಿಗೆ ಪ್ರತ್ಯೇಕ ವಿಶ್ರಾಂತಿ ಕೊಠಡಿಗಳೂ ಇವೆ. ಗಟ್ಟಿಮುಟ್ಟಾದವರಿಗೆ ಅವು ಸಾಕು. ಹಿಂದೆ ಹೆಪ್ಪುಗಟ್ಟಿದ ಕಾಲಿನವರನ್ನು, ಸಕ್ಕರೆ ಕಾಯಿಲೆಯವರನ್ನು ರಾತ್ರಿ ಒಂಟಿಯಾಗಿ ಬಿಡುವುದು ನಮಗೆ ಸರಿತೋರಲಿಲ್ಲ. ಕೋಣೆಯ ಬಾಡಿಗೆ ಕೇಳಿ ಮನೆಯವರು ಎರಡು ದಿನ ಮಾತು ಬಿಟ್ಟಿದ್ದರು. ಆಸ್ಪತ್ರೆಯ ಹಳೆಯ ಬಿಲ್ಲನ್ನು ನೆನಪಿಸಿದ ಮೇಲೆ ಸುಮ್ಮನಾದರು.

ಆ ರಾತ್ರಿ ಮಾಡಿದ್ದಿಷ್ಟು. ದೊಡ್ಡ ಪೆಟ್ಟಿಗೆಗಳು ನೇರವಾಗಿ ಡಲ್ಲಾಸಿಗೆ ಹೋಗುವುದರಿಂದ ಔಷಧ, ಒಂದು ಜೊತೆ ಬಟ್ಟೆ, ಪೂಜೆಯ ಸಾಮಗ್ರಿಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದೆವು. ಇನ್ಸುಲಿನ್ ಬಳಸುವವರು ಅದನ್ನು ಪೆಟ್ಟಿಗೆಗೆ ಹಾಕಲೇಬಾರದು. ಸರಕಿನ ಕೋಣೆಯ ಚಳಿಗೆ ಅದು ಕೆಡಬಹುದು. ಅದರ ಪ್ರಮಾಣ, ವೇಳೆಗಳನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿಯನ್ನು ಮನೆಯವರು ಬಿಚ್ಚಿದಾಗ ನಾವು ತಡೆದೆವು. ಪ್ರಯಾಣದಲ್ಲಿ ಒಣಗಿದ ದೇಹಕ್ಕೆ ಮತ್ತೆ ಒಣ ಆಹಾರ ಬೇಡ. ಬಿಸಿ ಅನ್ನ, ಬೇಳೆಸಾರು ಮಿತವಾಗಿ ಉಂಡು ಬಿಸಿನೀರು ಕುಡಿದೆವು. ಹತ್ತು ನಿಮಿಷ ನಡೆದಾಡಿ, ಕಾಲಡಿ ದಿಂಬು ಇಟ್ಟು ಮಲಗಿದೆವು.

ಬೆಳಿಗ್ಗೆ ಐದೂವರೆಗೆ ಎದ್ದು ಸ್ನಾನ, ಇಷ್ಟಲಿಂಗ ಪೂಜೆ ಮುಗಿಸಿದೆವು. ಜಾಗರಣೆಯಾದರೆ ಕಳೆದುಕೊಂಡ ನಿದ್ರೆಯ ಅರ್ಧ ಹೊತ್ತನ್ನು ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಿ ತುಂಬಿಕೊಳ್ಳಬೇಕೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಅದರಂತೆ ವಿಮಾನ ಏರಿ ಒಂದೂವರೆ ಗಂಟೆ ಮಲಗಿ, ಆಮೇಲೆ ಉಪಾಹಾರ ಮಾಡಿದೆವು. ಇನ್ಸುಲಿನ್ ಚುಚ್ಚಿಕೊಂಡವರು ಮಾತ್ರ ಹೀಗೆ ಉಪವಾಸ ಮಲಗಬಾರದು. ಮನೆಯವರು ತಜ್ಞರ ಸಲಹೆಯಂತೆ ಬಿಗಿಗಾಲುಚೀಲ ಧರಿಸಿದ್ದರು. ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಮ್ಮೆ ಎದ್ದು ನಡೆದಾಡಿದೆವು. ಕುಳಿತಲ್ಲಿ ಹಿಮ್ಮಡಿ ಎತ್ತಿ ಇಳಿಸಿದೆವು.

ಓದುಗ ಶರಣಬಂಧುಗಳಲ್ಲಿ ಒಂದು ಬಿನ್ನಹ. ಪ್ರಯಾಣದ ನಂತರ ಎರಡೂ ಪಾದ ಸಮನಾಗಿ ಸ್ವಲ್ಪ ಬಾತರೆ ವಿಶ್ರಾಂತಿಯಿಂದ ಇಳಿಯುವುದುಂಟು. ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಏದುಸಿರು, ಎದೆನೋವು ಕಂಡರೆ ಕ್ಷಣವೂ ತಡಮಾಡಬೇಡಿ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಮಕ್ಕಳಲ್ಲಿಯೂ ಒಂದು ಮಾತು: ಹೆತ್ತವರಿಗೆ ಟಿಕೆಟ್ ತೆಗೆಯುವಾಗ ಅದರ ಬೆಲೆಯ ಜೊತೆಗೆ ನಡುವಿನ ರಾತ್ರಿಯ ಹಾಸಿಗೆಯ ಬೆಲೆಯನ್ನೂ ಕೂಡಿಸಿ ನೋಡಿ.

ಡಲ್ಲಾಸಿನಲ್ಲಿ ಇಳಿದಾಗ ಮಗಳು ಮೊದಲು ಬಗ್ಗಿ ತಾಯಿಯ ಕಾಲುಗಳನ್ನು ನೋಡಿದಳು. ಎರಡೂ ಒಂದೇ ಸಮ ಇದ್ದವು.